ಸೈಗಾನಿನ ರಸ್ತೆಗಳಲ್ಲಿ ಹೆಣ್ಣುಮಕ್ಕಳ ಹೆಸರು

ವಿಯೆಟ್ನಾಂನ ಸೈಗಾನ್ ಊರಿಗೆ ಹೋ ಚಿ ಮಿನ್ ಸಿಟಿ ಅಂತ ಹೆಸರು ಬದಲಾಗಿ ಎಷ್ಟೋ ವರ್ಷವಾಯಿತು. ಇಲ್ಲಿನ ಜನ ಮಾತಿನಲ್ಲಿ ಇವತ್ತಿಗೂ ಸೈಗಾನ್ ಅಂತಲೇ ಅನ್ನುತ್ತಾರೆ. ಈ ಊರಲ್ಲಿ ದಾರಿ ಹೇಳಬೇಕಾದರೆ ಹೋರಾಟಗಾರ್ತಿಯರ ಹೆಸರು ಬಾಯಿಗೆ ಬರಲೇಬೇಕು. ನಗರದ ನಡುವೆ ಹಾದುಹೋಗುವ, ಸದಾ ಬೈಕು ತುಂಬಿದ ದೊಡ್ಡ ರಸ್ತೆ ನ್ಗುಯೆನ್ ಥಿ ಮಿನ್ ಖಾಯ್. 1935ರಲ್ಲಿ ಮಾಸ್ಕೋದ ಕಮ್ಯುನಿಸ್ಟ್ ಸಮ್ಮೇಳನಕ್ಕೆ ಹೋಗಿದ್ದಾಕೆ. 1941ರಲ್ಲಿ, ಆಗ ದೇಶ ಆಳುತ್ತಿದ್ದ ಫ್ರೆಂಚರು ಆಕೆಯನ್ನು ಗುಂಡಿಟ್ಟು ಕೊಂದರು.

ಇನ್ನೊಂದು ರಸ್ತೆ ವೋ ಥಿ ಸೌ. ಫ್ರೆಂಚರ ಮೇಲೆ ಗ್ರೆನೇಡ್ ಎಸೆದ ಹಳ್ಳಿ ಹುಡುಗಿ. 1952ರಲ್ಲಿ ಕೋನ್ ದಾವೊ ದ್ವೀಪದ ಜೈಲಿನಲ್ಲಿ ಗುಂಡಿಗೆ ಬಲಿಯಾದಾಗ ಇಪ್ಪತ್ತೂ ತುಂಬಿರಲಿಲ್ಲ. ಆಕೆಯ ಸಮಾಧಿಗೆ ಜನ ನಡುರಾತ್ರಿ ಹೋಗಿ ಬಾಚಣಿಗೆ, ಕನ್ನಡಿ, ಬಿಳಿ ಹೂವು ಇಟ್ಟು ಕೈಮುಗಿಯುತ್ತಾರೆ. ಸರ್ಕಾರ ಹೇಳಿ ಮಾಡಿಸುವ ಪೂಜೆ ಅಲ್ಲ ಇದು. ಬದುಕಿದ್ದರೆ ಆ ವಯಸ್ಸಿನ ಹುಡುಗಿಗೆ ಬೇಕಾಗುತ್ತಿದ್ದ ವಸ್ತುಗಳನ್ನೇ ಜನ ಒಯ್ಯುತ್ತಾರೆ, ಅಲ್ವಾ?

ನನ್ನನ್ನು ಜಾಸ್ತಿ ಹಿಡಿದಿಟ್ಟಿದ್ದು ಮಾತ್ರ ಬೆನ್ ತ್ರೆ. ಮೆಕಾಂಗ್ ನದಿ ಕವಲೊಡೆಯುವ, ತೆಂಗಿನ ತೋಟಗಳ ಸೀಮೆ. ಫ್ರೆಂಚರು ಹೋಗಿದ್ದರು, ದೇಶ ಉತ್ತರ, ದಕ್ಷಿಣ ಅಂತ ಎರಡಾಗಿತ್ತು, ದಕ್ಷಿಣದಲ್ಲಿ ಅಮೆರಿಕದ ಬೆಂಬಲದ ದಿಯೆಮ್ ಸರ್ಕಾರ ಬಂದಿತ್ತು. 1960ರ ಜನವರಿಯಲ್ಲಿ ಆ ಸರ್ಕಾರದ ವಿರುದ್ಧ ಬೆನ್ ತ್ರೆಯಲ್ಲಿ ದಂಗೆ ಎದ್ದಿತು. ಮುಂದೆ ನಿಂತವರಲ್ಲಿ ನ್ಗುಯೆನ್ ಥಿ ಡಿನ್ ಒಬ್ಬಳು. ಆಯುಧ ಇಲ್ಲವೆನ್ನುವಷ್ಟು ಕಡಿಮೆ. ಊರಿಗೆ ಸೈನಿಕರು ನುಗ್ಗಿದಾಗ ಸಾವಿರಾರು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಪಟ್ಟಣಕ್ಕೆ ಹೊರಟರು. ಅಧಿಕಾರಿಗಳ ಕಚೇರಿ ಮುಂದೆ ಕೂತರು. ನಿಮ್ಮ ಸೈನಿಕರೇ ನಮಗೆ ಹಿಂಸೆ ಕೊಡುತ್ತಿದ್ದಾರೆ, ವಾಪಸ್ ಕರೆಸಿ ಅಂತ ಹಟ ಹಿಡಿದರು. ದೂರು ಕೊಡಲು ಬಂದ ತಾಯಂದಿರ ಮೇಲೆ ಗುಂಡು ಹಾರಿಸುವುದು ಸುಲಭವಿರಲಿಲ್ಲ. ಇವರಿಗೆ ಬಂದ ಹೆಸರು ಉದ್ದಕೂದಲ ಸೈನ್ಯ. ಇಷ್ಟೊಂದು ಹೆಂಗಸರನ್ನು ಒಂದೇ ಹೊತ್ತಿಗೆ ಹೊರಡಿಸಬೇಕೆಂದರೆ ಸುಮ್ನೆ ಆಗುವ ಕೆಲಸವಲ್ಲ. ಮನೆಮನೆಗೆ ಸುದ್ದಿ ಮುಟ್ಟಿಸಬೇಕು, ಆ ಸುದ್ದಿ ಹೊರಗೆ ಸೋರಬಾರದು. ನನ್ನ ಪಾಲಿಗೆ ಬಂದೂಕು ಹಿಡಿದ ಸಾಹಸಕ್ಕಿಂತ ಇದು ಒಂದು ತೂಕ ಹೆಚ್ಚೇ.

ಡಿನ್ ಮುಂದೆ ಜನರಲ್ ಆದಳು. ಅಮೆರಿಕದ ಜೊತೆಗಿನ ಯುದ್ಧ ನಿಲ್ಲಿಸಲು ಆದ 1973ರ ಪ್ಯಾರಿಸ್ ಒಪ್ಪಂದಕ್ಕೆ ದಕ್ಷಿಣದ ಹೋರಾಟಗಾರರ ಪರವಾಗಿ ಸಹಿ ಹಾಕಿದ್ದೂ ಒಬ್ಬ ಹೆಂಗಸೇ, ನ್ಗುಯೆನ್ ಥಿ ಬಿನ್. ಆದರೂ ದೇಶ ಆಳುವ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯ ಕುರ್ಚಿಗೆ, ಪ್ರಧಾನಿಯ ಕುರ್ಚಿಗೆ ಈವರೆಗೆ ಒಬ್ಬ ಹೆಂಗಸೂ ಬಂದಿಲ್ಲ. ರಸ್ತೆಗೆ ಹೆಸರಿಟ್ಟಷ್ಟು ಸಲೀಸಾಗಿ ಅಧಿಕಾರ ಕೊಡಲಿಲ್ಲ ಅನ್ನುವ ಬೇಸರ ನನಗಿದೆ.

ನೀವು ಇಲ್ಲಿಗೆ ಬಂದರೆ ಎಲ್ಲರೂ ಯುದ್ಧದ ಮ್ಯೂಸಿಯಂಗೆ ಕಳಿಸುತ್ತಾರೆ. ಅದನ್ನು ನೋಡಿ, ಖಂಡಿತ ನೋಡಿ. ಅದೇ ದಿನ ವೋ ಥಿ ಸೌ ರಸ್ತೆಯಲ್ಲಿರುವ ದಕ್ಷಿಣದ ಮಹಿಳೆಯರ ಮ್ಯೂಸಿಯಂಗೂ ಹೋಗಿ. ಅಷ್ಟೇನೂ ದೂರವಿಲ್ಲ.