ಗೋದಾಮು ತುಂಬಿದ ಮೇಲೆ ರಫ್ತು ನೆನಪಾದರೆ

ಮಂಡ್ಯ ಜಿಲ್ಲೆಯ ಒಂದು ಡೈರಿಯ ಪೌಡರ್ ವಿಭಾಗದಲ್ಲಿ ದಾಸ್ತಾನು ನೋಡಿಕೊಳ್ಳುವುದು ನನ್ನ ಕೆಲಸ. ಮಳೆ ಚೆನ್ನಾಗಿ ಆಗಿ ಹಸಿ ಮೇವು ಸಿಕ್ಕರೆ ಸಂಘಗಳಿಂದ ಹಾಲು ಜಾಸ್ತಿ ಬರುತ್ತದೆ. ಮಾರಿ ಉಳಿದದ್ದು ಪುಡಿಯಾಗುತ್ತದೆ. ಗೋದಾಮು ತುಂಬಿದಾಗ ಮೀಟಿಂಗ್‌ನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: "ಬಾಂಗ್ಲಾದೇಶಕ್ಕೋ ಶ್ರೀಲಂಕಾಕ್ಕೋ ಕಳಿಸಿಬಿಡೋಣ, ಪಕ್ಕದಲ್ಲೇ ಇವೆಯಲ್ವಾ?"

ಪಕ್ಕದಲ್ಲಿದ್ದ ಮಾತ್ರಕ್ಕೆ ವ್ಯಾಪಾರ ಕುದುರುವುದಿಲ್ಲ. ಶ್ರೀಲಂಕಾದ ಮನೆಗಳಲ್ಲಿ ಟೀಗೆ ಬೆರೆಸುವುದು ಕೆನೆಭರಿತ ಪುಡಿ. ಅದರಲ್ಲಿ ಹೆಚ್ಚಿನದು ಅಷ್ಟು ದೂರದ ನ್ಯೂಜಿಲೆಂಡಿನಿಂದ ಬರುತ್ತದೆ. ನಮ್ಮಲ್ಲಿ ಕೊಬ್ಬು ಬೆಣ್ಣೆಗೆ, ತುಪ್ಪಕ್ಕೆ ಹೋಗಿಬಿಡುತ್ತದೆ. ಗೋದಾಮಿನಲ್ಲಿ ಕೂರುವುದು ಕೆನೆ ತೆಗೆದ ಪುಡಿ. ಕೆನೆಭರಿತ ಪುಡಿ ಮಾಡೋಕೆ ನಮಗೆ ಬರಲ್ಲ ಅಂತಲ್ಲ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಶಾಲೆ ಮಕ್ಕಳು ಕುಡಿಯುವುದು ಅದರ ಹಾಲನ್ನೇ.

ಇನ್ನು ಬೆಲೆ. ನ್ಯೂಜಿಲೆಂಡ್ ತನ್ನ ಹಾಲಿನ ಬಹುಪಾಲನ್ನು ಹೊರದೇಶಕ್ಕೇ ಮಾರುತ್ತದೆ. ಗ್ಲೋಬಲ್ ಡೈರಿ ಟ್ರೇಡ್ ಅನ್ನುವ ಹರಾಜು 2008ರಿಂದ ನಡೆಯುತ್ತಿದೆ. ಕೊಳ್ಳುವವರು ಆ ದರ ನೋಡಿಕೊಂಡೇ ಮಾತಿಗೆ ಕೂರುತ್ತಾರೆ. ನಮ್ಮ ದರ ಅದಕ್ಕಿಂತ ಮೇಲಿದ್ದರೆ ಮಾತು ಮುಂದಕ್ಕೆ ಹೋಗುವುದೇ ಕಷ್ಟ. 2018ರಲ್ಲಿ ದೇಶದ ತುಂಬ ಪುಡಿ ರಾಶಿ ಬಿದ್ದಿತ್ತು. ಕೇಂದ್ರ ಸರ್ಕಾರ ರಫ್ತಿನ ಪ್ರೋತ್ಸಾಹಧನ ಏರಿಸಿತು, ರಫ್ತು ಜೋರಾಯಿತು. ಮುಂದಿನ ವರ್ಷ ಇಲ್ಲೇ ಬೆಲೆ ಏರಿತು, ರಫ್ತು ಕುಸಿಯಿತು. ಹೀಗೆ ಒಂದು ವರ್ಷ ಬಂದು ಮರುವರ್ಷ ಕಾಣೆಯಾಗುವವರ ಜೊತೆ ಯಾರು ತಾನೇ ಖಾಯಂ ವ್ಯವಹಾರ ಇಟ್ಟುಕೊಳ್ಳುತ್ತಾರೆ?

ಕೊಳ್ಳುವವರು ಮೊದಲು ಕೇಳುವುದು ಪುಡಿ ತಯಾರಾದ ತಾರೀಕು. ಆಮೇಲೆ ಲ್ಯಾಬ್ ವರದಿ. ತೇವಾಂಶ ನೂರಕ್ಕೆ 5 ದಾಟುವಂತಿಲ್ಲ. 25 ಕೆ.ಜಿ. ಚೀಲದೊಳಗಿನ ಪಾಲಿಥೀನ್ ಬಾಯಿ ಸರಿಯಾಗಿ ಮುಚ್ಚದಿದ್ದರೆ ಮಳೆಗಾಲದ ಗಾಳಿಗೇ ಪುಡಿ ಗಂಟು ಕಟ್ಟುತ್ತದೆ. ಅಂಥ ಗಂಟನ್ನು ಬೆರಳಲ್ಲಿ ಅದುಮಿದರೆ ಪುಡಿಯಾಗದೆ ಹೆಂಟೆಯ ಹಾಗೆ ಒಡೆಯುತ್ತದೆ. ತಿಂಗಳುಗಟ್ಟಲೆ ಕೂತ ಇಂಥ ದಾಸ್ತಾನನ್ನು ಗೋದಾಮು ಖಾಲಿ ಮಾಡಲೆಂದು ಹೊರಗೆ ಕಳಿಸಲು ಹೋದರೆ ಕೇಳಿದ ದರಕ್ಕೆ ಕೊಡಬೇಕಾಗುತ್ತದೆ. ಆ ನಷ್ಟ ಕೊನೆಗೆ ತಟ್ಟುವುದು ಎರಡು ಹಸು ಕಟ್ಟಿಕೊಂಡು ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುವವರಿಗೆ. ನನಗೆ ಸಂಕಟ ಅದೇ.

ಅದಕ್ಕೇ ಈಗ ಹಾಲು ಏರುವ ಮೊದಲ ವಾರಗಳಲ್ಲೇ ಹೊಸ ಬ್ಯಾಚ್‌ಗಳಲ್ಲಿ ಒಂದಷ್ಟನ್ನು ಬೇರೆ ಸಾಲಿನಲ್ಲಿ ಜೋಡಿಸಿಡುತ್ತೇವೆ. ವರದಿಯೂ ಜೊತೆಗೇ ಇರುತ್ತದೆ. ವಿಚಾರಣೆ ಬಂದ ದಿನವೇ ಮಾದರಿ ಕಳಿಸುತ್ತೇವೆ. ದರ ಕೂಡಿಬರದಿದ್ದರೆ ಅದೇ ಪುಡಿ ಇಲ್ಲಿನ ಐಸ್‌ಕ್ರೀಂ, ಬಿಸ್ಕತ್ತು ಮಾಡುವವರಿಗೆ ತಾಜಾ ಇರುವಾಗಲೇ ಹೋಗುತ್ತದೆ.