ಐನ್‌ಮನೆಗೆ ಲೆಕ್ಕ ಶೀರ್ಷಿಕೆ ಇಲ್ಲ

2205 ಅಂದರೆ ಕಲೆ ಮತ್ತು ಸಂಸ್ಕೃತಿ. 2250ರಲ್ಲಿ ಮುಜರಾಯಿ ದೇವಸ್ಥಾನಗಳ ದುಡ್ಡು ಬರುತ್ತದೆ. 3452 ಪ್ರವಾಸೋದ್ಯಮ. 2245 ಪ್ರಕೃತಿ ವಿಕೋಪದ ಪರಿಹಾರ. ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದ ನನಗೆ ಈ ನಂಬರುಗಳು ಮಗ್ಗಿಯ ಹಾಗೆ ಬಾಯಿಗೆ ಬರುತ್ತವೆ. ಸರ್ಕಾರದ ಒಂದು ರೂಪಾಯಿ ಹೊರಗೆ ಹೋಗಬೇಕಾದರೂ ಅದಕ್ಕೊಂದು ಲೆಕ್ಕ ಶೀರ್ಷಿಕೆ, ಅಂದರೆ ಯಾವ ಬಾಬ್ತಿನ ಖರ್ಚು ಅಂತ ತೋರಿಸುವ ಇಂಥದ್ದೊಂದು ನಂಬರು ಬೇಕು. ಶೀರ್ಷಿಕೆ ಇಲ್ಲದಿದ್ದರೆ ಮಂತ್ರಿಗಳೇ ಮನಸ್ಸು ಮಾಡಿದರೂ ಬಿಲ್ ಪಾಸಾಗುವುದಿಲ್ಲ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮಳೆ ಹಿಡಿದಾಗಲೆಲ್ಲ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಐನ್‌ಮನೆಯ ಒಂದು ಫೋಟೋ ಬರುತ್ತದೆ. ಜಗಲಿಯ ಮೂಲೆ ಸೋರುತ್ತಿರುತ್ತದೆ, ಕೆಳಗೆ ಬಕೆಟ್ ಇಟ್ಟಿರುತ್ತಾರೆ. ಕೂಡಲೇ ಬೆಂಗಳೂರಿನಿಂದ ಚಿಕ್ಕಪ್ಪನ ಮಗನ ಮೆಸೇಜು. "ಅಕ್ಕ, ನೀವು ಸರ್ಕಾರದಲ್ಲೇ ಇದ್ದವರಲ್ವಾ? ಹೆರಿಟೇಜ್ ಗ್ರಾಂಟ್ ಏನಾದರೂ ತರಿಸಿ." ವಾಟ್ಸಾಪಿನಲ್ಲಿ ಬರೆದು ಮುಗಿಯುವ ಉತ್ತರ ಅಲ್ಲ ಇದು.

ಕೊಡಗಿನ ಹೊರಗಿನವರಿಗೆ ಒಂದು ಮಾತು. ಐನ್‌ಮನೆ ಅಂದರೆ ಕುಟುಂಬದ ಮೂಲ ಮನೆ. ಕೊಡವರಲ್ಲೂ ಇದೆ, ನಮ್ಮ ಅರೆಭಾಷೆ ಗೌಡರಲ್ಲೂ ಇದೆ. ನಮ್ಮದು ಭಾಗಮಂಡಲದ ಕಡೆ. ಈಗ ಅಲ್ಲಿ ಇರುವವರು ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ. ಆದರೆ ನಮ್ಮ ಸುಗ್ಗಿ ಹಬ್ಬ ಹುತ್ತರಿಯ ದಿನ ಕದಿರು ತರುವ ಹೊತ್ತಿಗೆ ಎಲ್ಲೆಲ್ಲಿ ಇದ್ದವರೂ ಬಂದು ಸೇರುತ್ತಾರೆ. ಮಣ್ಣಿನ ದಪ್ಪ ಗೋಡೆ, ಹಲಸಿನ ಮರದ ಕಂಬ, ಕಂಬದಿಂದ ಕಂಬಕ್ಕೆ ಕೂರಲು ಹಾಸಿದ ಐಮರ. ಮೊದಲು ಹುಲ್ಲಿನ ಮಾಡು (ಚಾವಣಿ) ಇತ್ತಂತೆ, ಆಮೇಲೆ ಮಂಗಳೂರು ಹೆಂಚು ಬಂತು. ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ನಮ್ಮ ಮಾಡಿನ ಕೆಲವು ಹೆಂಚುಗಳ ಮೇಲೆ ಅವರ ಅಚ್ಚು ಇನ್ನೂ ಓದಲು ಬರುತ್ತದೆ. ಈಗ ಸಿಗುವ ಹೆಂಚು ಅವಕ್ಕೆ ಸರಿಯಾಗಿ ಕೂರುವುದಿಲ್ಲ. ಅರ್ಧ ಬೆರಳಿನಷ್ಟು ಸಂದು ಬಿಟ್ಟರೂ ಸಾಕು, ಕೆಲವು ವರ್ಷ 200 ಇಂಚು ದಾಟುವ ನಮ್ಮೂರ ಮಳೆ ಒಳಗೆ ಬಂದು ಕೂರುತ್ತದೆ.

ಸರಿ, ಒಂದೊಂದೇ ಬಾಗಿಲು ತಟ್ಟೋಣ.

ಮೊದಲು 2205. ಪುರಾತತ್ವ ಇಲಾಖೆಯ ದುಡ್ಡು ಇದರಲ್ಲಿ ಬರುತ್ತದೆ. ಕರ್ನಾಟಕದಲ್ಲಿ ಇದಕ್ಕೆ 1961ರ ಕಾಯ್ದೆ ಇದೆ. ಆ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿ ಕಟ್ಟಡವನ್ನು ಸಂರಕ್ಷಿತ ಸ್ಮಾರಕ ಅಂತ ಪಟ್ಟಿಗೆ ಸೇರಿಸಿರಬೇಕು. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ನೋಡಿ. 1792ರಿಂದ 94ರೊಳಗೆ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿದೆ. ಇಲಾಖೆಯ ಕೈಯಲ್ಲಿದೆ, ಕೆಲಸಕ್ಕೆ ದುಡ್ಡೂ ಬರುತ್ತದೆ. ರಾಜರದ್ದು, ಒಂದು ಹೆಸರು, ಒಂದು ತಾರೀಕು. ನಮ್ಮ ಮನೆ ಯಾರು ಕಟ್ಟಿಸಿದ್ದು ಅಂತ ಕೇಳಿದರೆ ದೊಡ್ಡಪ್ಪ "ಹಿರಿಯರು" ಅನ್ನುತ್ತಾರೆ, ಅಷ್ಟೇ.

ಪಟ್ಟಿಗೆ ಸೇರಿಸಿ ಅಂತ ಅರ್ಜಿ ಹಾಕಬಹುದಲ್ಲ ಅಂತ ನೀವು ಕೇಳಬಹುದು. ನಾನು ಬೇಡ ಅನ್ನುವವಳು. ಮಡಿಕೇರಿ ಕೋಟೆಯ ಅರಮನೆ ಕೇಂದ್ರದ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿದೆ. 1812ರಿಂದ 14ರ ನಡುವೆ ಲಿಂಗರಾಜೇಂದ್ರ ಹೊಸದಾಗಿ ಮಾಡಿಸಿದ ಕಟ್ಟಡ ಅದು. ಪಟ್ಟಿಯಲ್ಲಿದ್ದೂ ಅದರ ದುರಸ್ತಿ ವಿಷಯ ಹೈಕೋರ್ಟಿನವರೆಗೆ ಹೋಯಿತು. ಇನ್ನು ಕೇಂದ್ರದ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ನಮ್ಮ ಐನ್‌ಮನೆಯೂ ಕೇಂದ್ರದ ಪಟ್ಟಿಗೆ ಸೇರಿತು ಅಂದುಕೊಳ್ಳಿ, ಅದರಿಂದ 100 ಮೀಟರ್ ಒಳಗೆ ಏನೇನಿದೆ? ಕಾಫಿ ಒಣಗಿಸುವ ಕಣ, ಕೊಟ್ಟಿಗೆ, ದೊಡ್ಡಪ್ಪನ ಮಗ ಮನೆ ಕಟ್ಟಬೇಕು ಅಂತ ಪಾಯ ತೋಡಿಸಿದ ಜಾಗ. ಸೋರುವ ಮಾಡಿಗೋಸ್ಕರ ಇಡೀ ಅಂಗಳವನ್ನೇ ಬರೆದುಕೊಟ್ಟ ಹಾಗಾಗುತ್ತದೆ.

2245 ಬಗ್ಗೆ ಜಾಸ್ತಿ ಹೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಮರುವರ್ಷದ ಮಳೆಗೆ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಅಂತ ಮಾಡಿತು. ಎಷ್ಟು ಹಾನಿ ಅಂತ ನೋಡಿ ಎ, ಬಿ, ಸಿ ಅಂತ ಗುರುತು ಹಾಕಿದರು. ಒಳ್ಳೆಯದೇ ಆಯಿತು. ಆದರೆ ಆ ಫಾರಂನಲ್ಲಿ ಕೆತ್ತನೆಯ ಕಂಬಕ್ಕೆ ಜಾಗವಿಲ್ಲ. ಇನ್ನೊಂದು ವಿಷಯ, ಮನೆ ಬಿದ್ದ ಮೇಲೆ ಬರುವ ದುಡ್ಡು ಅದು. ಬೀಳದ ಹಾಗೆ ನೋಡಿಕೊಂಡವರಿಗೆ ಅಲ್ಲಿ ಏನೂ ಇಲ್ಲ.

3452? ಹೋಂಸ್ಟೇ ಮಾಡಿ ಅಂತ ತುಂಬ ಜನ ಹೇಳಿದರು. ಹೆರಿಟೇಜ್ ಹೋಟೆಲ್ ಅನ್ನಿಸಿಕೊಳ್ಳಲು ಕಟ್ಟಡ 1950ಕ್ಕಿಂತ ಹಳೆಯದಾಗಿರಬೇಕು ಅನ್ನುವ ನಿಯಮವಿದೆ, ನಮ್ಮದು ಪಾಸಾಗುತ್ತದೆ. ಆದರೆ ಗುರುಹಿರಿಯರಿಗೆ ಎಡೆ ಇಡುವ ಕೋಣೆಯ ಪಕ್ಕದಲ್ಲಿ ಅಟ್ಯಾಚ್ಡ್ ಬಾತ್‌ರೂಮ್ ಅಂದ ಕೂಡಲೇ ದೊಡ್ಡಮ್ಮ ಎದ್ದು ಒಳಗೆ ಹೋದರು. ಆ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು 2250. ನನಗೆ ಜಾಸ್ತಿ ಆಸೆ ಹುಟ್ಟಿಸಿದ್ದು ದೇವಸ್ಥಾನಗಳ ದಾರಿ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಹಳೆಯ ದೇವಸ್ಥಾನಗಳನ್ನು ಸರಿಪಡಿಸುತ್ತಾ ಬಂದಿದೆ. ಅವರ ಲೆಕ್ಕ ನೋಡಿ. 100 ರೂಪಾಯಿ ಖರ್ಚಿದ್ದರೆ 40 ಸರ್ಕಾರದ್ದು, 40 ಟ್ರಸ್ಟಿನದ್ದು, 20 ಊರಿನವರದ್ದು. ಈ 20 ಇದೆಯಲ್ಲ, ಅದೇ ಇಡೀ ಯೋಜನೆಯ ಜೀವ. ತಮ್ಮ ಜೇಬಿನಿಂದ ದುಡ್ಡು ಹಾಕಿದ ಊರಿನವರು ಕೆಲಸ ನಡೆಯುವಾಗ ಬಂದು ನಿಂತು ನೋಡುತ್ತಾರೆ, ಗಾರೆ ಕಲಸುವವನನ್ನು ಪ್ರಶ್ನೆ ಮಾಡುತ್ತಾರೆ. ಪೂರ್ತಿ ದುಡ್ಡು ಸರ್ಕಾರದ್ದೇ ಆದರೆ ಯಾರೂ ತಲೆ ಹಾಕುವುದಿಲ್ಲ. ಬಿಲ್ಲುಗಳನ್ನು ನೋಡಿ ನೋಡಿ ನನಗೆ ಅರ್ಥವಾದದ್ದು ಇದು.

ಆದರೆ ಐನ್‌ಮನೆ ದೇವಸ್ಥಾನವಲ್ಲ. ಒಂದು ಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಕೇಳಿದ್ದೇ ಇದು: "ಮೇಡಂ, ಇದು ಗುಡಿಯಾ, ಖಾಸಗಿ ಮನೆಯಾ?" ಎರಡೂ ಅಲ್ಲ ಅಂದೆ. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಒಂದು ದಾರಿ ಹೇಳಿಕೊಟ್ಟರು. ಒಳಗಿನ ಎಡೆ ಕೋಣೆಯನ್ನು ಗುಡಿ ಅಂತ ತೋರಿಸಿ, ಮಾಡೂ ಅದರ ಜೊತೆಗೇ ಹೋಗುತ್ತದೆ ಅಂತ. ನಾನು ಆ ಅರ್ಜಿಯನ್ನು ವಾಪಸ್ ತಂದೆ. ಸುಳ್ಳು ಲೆಕ್ಕದ ಮೇಲೆ ನಾಳೆ ಆಡಿಟ್ ಆಕ್ಷೇಪಣೆ ಬಂದರೆ ಉತ್ತರ ಬರೆಯಬೇಕಾದವರು ನಾವೇ ಅಲ್ವಾ.

ದುಡ್ಡೇ ಇಲ್ಲ ಅಂತ ಮಾತ್ರ ಹೇಳಬೇಡಿ. 12ನೇ ಹಣಕಾಸು ಆಯೋಗ ರಾಜ್ಯಗಳ ಪರಂಪರೆ ರಕ್ಷಣೆಗೆಂದೇ 625 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ದುಡ್ಡು ಬರುತ್ತದೆ, ಆದರೆ ಅದು ಬರುವ ತಿಂಗಳು ನಮ್ಮ ಊರಿಗೆ ಹೊಂದುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಜೆಟ್ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಕ್ರಿಯಾ ಯೋಜನೆಗೆ ಒಪ್ಪಿಗೆ ಸಿಗುವಾಗ ಇಲ್ಲಿ ಆಟಿ (ಆಷಾಢ) ತಿಂಗಳ ಮಳೆ. ಆಮೇಲೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್. ಕೆಲಸದ ಆದೇಶ ಕೈಗೆ ಬರುವಾಗ ಡಿಸೆಂಬರ್ ಅಂತ ಇಟ್ಟುಕೊಳ್ಳಿ. ಡಿಸೆಂಬರ್‌ನಿಂದ ಕೊಡಗಿನಲ್ಲಿ ಆಳು ಸಿಗುತ್ತಾರಾ? ಕಾಫಿ ಕೊಯ್ಲು. ಅರೇಬಿಕಾ ಮುಗಿಯುವಾಗ ರೋಬಸ್ಟಾ ಶುರು. ಕರಿಮೆಣಸೂ ಹಿಂದೆಯೇ ಬರುತ್ತದೆ. ಮರ ಕೆಲಸ ಗೊತ್ತಿರುವ ಊರಿನ ಆಚಾರಿಗಳೂ ತೋಟದ ಕೆಲಸದಲ್ಲೇ ಇರುತ್ತಾರೆ. ಗುತ್ತಿಗೆದಾರರು ದೂರದಿಂದ ಆಳು ಕರೆತರುತ್ತಾರೆ. ಮಾರ್ಚ್ 31ರೊಳಗೆ ಬಿಲ್ ಆಗದಿದ್ದರೆ ಅನುದಾನ ಲ್ಯಾಪ್ಸ್. ಖಜಾನೆಯಲ್ಲಿ ಆ ರಾತ್ರಿ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಊಟಕ್ಕೆ ಏಳಲೂ ಪುರುಸೊತ್ತು ಇರುತ್ತಿರಲಿಲ್ಲ.

ಸುಣ್ಣದ ಗಾರೆ ಇಂಥ ಅವಸರವನ್ನು ತಡೆಯುವುದಿಲ್ಲ. ಸುಣ್ಣ ನೀರಿನಲ್ಲಿ ನೆನೆದು ಹದ ಬರಬೇಕು. ಬೆಲ್ಲದ ನೀರು, ಅಳಲೆಕಾಯಿ ಕೊಳೆಸಿದ ನೀರು ಸೇರಿಸಬೇಕು. ತೆಳ್ಳಗೆ ಒಂದು ಪದರ ಹಚ್ಚಿ, ಅದು ಗಟ್ಟಿಯಾದ ಮೇಲೆ ಇನ್ನೊಂದು. ಸಿಮೆಂಟ್ ಆದರೆ ಮಾರನೇ ದಿನವೇ ಗಟ್ಟಿ, ಫೋಟೋ ತೆಗೆದು ಬಿಲ್ಲಿಗೆ ಲಗತ್ತಿಸಬಹುದು. ಹಾಗಾಗಿ ಮಾರ್ಚ್‌ನಲ್ಲಿ ಗೆಲ್ಲುವುದು ಸಿಮೆಂಟೇ. ಪಕ್ಕದ ಊರಿನ ಹಳೆಯ ಗುಡಿಯೊಂದಕ್ಕೆ ಹೀಗೇ ಆಯಿತು. ಮಣ್ಣಿನ ಗೋಡೆಗೆ ಹೊರಗಿನಿಂದ ಸಿಮೆಂಟ್ ಬಳಿದರು. ನೆಲದಿಂದ ಮೇಲೆ ಹತ್ತುವ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಮೇಲೆ ನೋಡಿದರೆ ಗೋಡೆ ನುಣ್ಣಗಿದೆ, ಬೆರಳಿನಿಂದ ಬಡಿದರೆ ಪೊಳ್ಳು ಸದ್ದು. ಅದು ಉದುರಿದಾಗ ಒಳಗಿನ ಮಣ್ಣನ್ನೂ ಹಿಡಿದುಕೊಂಡೇ ಬಂತು.

ಇನ್ನು 10 ಲಕ್ಷ ಮಂಜೂರಾಯಿತು ಅಂದರೆ 10 ಲಕ್ಷದ ಕೆಲಸ ಆಗುತ್ತದೆ ಅಂದುಕೊಳ್ಳಬೇಡಿ. ಸ್ಮಾರಕಗಳ ದುರಸ್ತಿ ಗುತ್ತಿಗೆಗೆ ಮೊದಲು 12 ಇದ್ದ ಜಿಎಸ್‌ಟಿ 2022ರ ಜುಲೈನಿಂದ ಶೇಕಡ 18 ಆಗಿದೆ. ಜಿಎಸ್‌ಟಿ ಒಳಗೊಂಡ 10 ಲಕ್ಷದಲ್ಲಿ ಅದೇ ಸುಮಾರು ಒಂದೂವರೆ ಲಕ್ಷ. ಕಾರ್ಮಿಕ ಸೆಸ್ ಶೇಕಡ 1 ಬೇರೆ. ಸರ್ಕಾರ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಸ್ವಲ್ಪ ವಾಪಸ್ ತೆಗೆದುಕೊಳ್ಳುತ್ತದೆ.

ಹಾಗಾದರೆ ನನಗೆ ಬೇಕಾದದ್ದು ಏನು? ದೊಡ್ಡ ಗ್ರಾಂಟ್ ಅಲ್ಲವೇ ಅಲ್ಲ. ನಮ್ಮ ಮನೆಗಳನ್ನು ಇಷ್ಟು ಕಾಲ ಉಳಿಸಿದ್ದು ಪ್ರತಿ ವರ್ಷ ಮಳೆಗೆ ಮೊದಲು ಹೆಂಚು ಕೈಯಾಡಿಸುವ ಕೆಲಸ. ಒಡೆದದ್ದನ್ನು ತೆಗೆದು, ಗೆದ್ದಲು ಹಿಡಿದ ರೀಪು ಬದಲಿಸಿ, ಪಕ್ಕಾಸಿಗೆ ಗೇರೆಣ್ಣೆ ಹಚ್ಚಿ, ಗೋಡೆಯ ಬುಡದ ಚರಂಡಿ ಬಿಡಿಸಿದರೆ ಸಾಕು. ಇಷ್ಟಕ್ಕೆ ವರ್ಷಕ್ಕೆ 50 ಸಾವಿರ ಇದ್ದರೂ ಆಗುತ್ತದೆ. ಅರ್ಧ ಸರ್ಕಾರ ಕೊಡಲಿ, ಅರ್ಧ ಕುಟುಂಬ ಹಾಕಲಿ. ದುಡ್ಡು ಏಪ್ರಿಲ್ ಮೊದಲ ವಾರ ಕೈಗೆ ಬರಲಿ, ಯಾಕೆಂದರೆ ಮೇ ಮುಗಿದ ಮೇಲೆ ಮಾಡು ಹತ್ತಲು ಆಗುವುದಿಲ್ಲ. ಟೆಂಡರ್ ಬೇಡ, ಆಳಿನ ಸಂಬಳದ ಪಟ್ಟಿ ಮತ್ತು ಹೆಂಚಿನ ರಸೀದಿ ಸಾಕು ಅಂತ ನಿಯಮ ಮಾಡಲಿ. 2205ರ ಕೆಳಗೆ ಒಂದು ಹೊಸ ಉಪಶೀರ್ಷಿಕೆ ತೆರೆಯುವುದು ಹಣಕಾಸು ಇಲಾಖೆಗೆ ದೊಡ್ಡ ಕೆಲಸವಲ್ಲ. ನನ್ನ ಸರ್ವೀಸಿನಲ್ಲಿ ಇದಕ್ಕಿಂತ ಸಣ್ಣ ವಿಷಯಗಳಿಗೂ ಹೊಸ ಶೀರ್ಷಿಕೆ ತೆರೆದದ್ದನ್ನು ನೋಡಿದ್ದೇನೆ.

ಆದರೆ ನಾಳೆ ಇದು ಬಂದರೂ ತೆಗೆದುಕೊಳ್ಳಲು ನಾವು ತಯಾರಿಲ್ಲ. ಚೆಕ್ ಯಾರ ಹೆಸರಿಗೆ ಬರೆಯಬೇಕು? ಜಾಗ ಜಮ್ಮಾ, ಅಂದರೆ ಕೊಡಗಿನಲ್ಲಿ ವಂಶದಿಂದ ವಂಶಕ್ಕೆ ಇಡೀ ಕುಟುಂಬಕ್ಕೆ ಸೇರಿ ಬರುವ ಜಮೀನು. ಪಹಣಿಯ 9ನೇ ಕಾಲಂನಲ್ಲಿ ಪಟ್ಟೆದಾರರ (ಕುಟುಂಬದ ಯಜಮಾನರ) ಹೆಸರಿನ ಜೊತೆ ತೀರಿಕೊಂಡ ಅಜ್ಜಂದಿರ ಹೆಸರುಗಳೂ ಇವೆ. ಸರ್ಕಾರದ ದುಡ್ಡು ಸತ್ತವರ ಹೆಸರಿಗೆ ಬರುವುದಿಲ್ಲ. ದೊಡ್ಡಪ್ಪನ ಖಾತೆಗೆ ಬಂದರೆ ನಮ್ಮಲ್ಲೇ ಜಗಳ. ಅದಕ್ಕೇ ಈ ಸಲದ ಹುತ್ತರಿಗೆ ಸೇರಿದಾಗ ಕುಟುಂಬದ ಹೆಸರಿನಲ್ಲಿ ಸಂಘ ಮಾಡಿ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ರಿಜಿಸ್ಟರ್ ಮಾಡಿಸುವುದು ಅಂತ ತೀರ್ಮಾನ ಆಯಿತು. ದೊಡ್ಡಪ್ಪ ಅಧ್ಯಕ್ಷರು. ಲೆಕ್ಕ ಬರೆಯುವವಳು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಗಳು ಇಲ್ಲಿಯ ಖಜಾಂಚಿ ಆಗಬಹುದಾ ಅಂತ ಒಬ್ಬರು ಕೇಳಿದರು. ಬೇರೆ ಯಾರಾದರೂ ಲೆಕ್ಕ ಬರೆಯುತ್ತಾರಾ ಅಂತ ದೊಡ್ಡಮ್ಮ ಕೇಳಿದ ಮೇಲೆ ಯಾರೂ ಮಾತಾಡಲಿಲ್ಲ.

ಕೊನೆಗೆ ನಮ್ಮ ಕುಟುಂಬದವರಿಗೆ: ಸಂಘದ ಬೈಲಾ ಕರಡು ಗ್ರೂಪಿಗೆ ಹಾಕಿದ್ದೇನೆ. ಓದಿ ಸಹಿ ಮಾಡಿ. ವಿಳಾಸದ ದಾಖಲೆ, ಎರಡು ಫೋಟೋ ಕಳಿಸಿ. ಸದಸ್ಯತ್ವದ ದುಡ್ಡು ಈಗಲೇ ಹಾಕಬೇಡಿ, ಬ್ಯಾಂಕ್ ಖಾತೆ ಇನ್ನೂ ತೆರೆದಿಲ್ಲ. ನನ್ನ ಸ್ವಂತ ಖಾತೆಗಂತೂ ಹಾಕಲೇಬೇಡಿ.