ಕೇಳಿಸ್ತಿದೆ ಮಾರಾಯ್ರೆ, ಜೋರಾಗಿ ಹೇಳೋದು ಬೇಡ

ಮದುವೆ ಮನೆಗೆ ಹೋದ್ರೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಅಷ್ಟೊಂದು ಲಕ್ಷ ಸುರಿದು ಮಿಷನ್ ಹಾಕಿಸ್ಕೊಂಡ್ಯಲ್ಲಪ್ಪ, ಇನ್ನೂ ಯಾಕೆ ಆಂ ಆಂ ಅಂತೀಯ?" ಊಟದ ಪಂಕ್ತೀಲಿ ಕೂತು ಇದಕ್ಕೆ ಉತ್ತರ ಹೇಳೋಕಾಗಲ್ಲ, ಅವರು ಮುಂದೆ ಕೇಳೋದೂ ನಂಗೆ ಅರ್ಥ ಆಗಿರಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ, ಮುಂದಿನ ಸಲ ಲಿಂಕ್ ಕಳಿಸಿದ್ರೆ ಮುಗೀತು.

ನಂದು ಬಲಗಿವಿ ಕಾಕ್ಲಿಯರ್ ಇಂಪ್ಲಾಂಟ್, ಅಂದ್ರೆ ಕಿವಿ ಹೊರಗೆ ಹಾಕ್ಕೊಳ್ಳೋ ಪ್ರೊಸೆಸರ್ ತನ್ನ ಮೈಕಲ್ಲಿ ಸದ್ದು ಹಿಡಿಯತ್ತೆ, ಆಪರೇಷನ್ ಮಾಡಿ ಒಳಗಿಟ್ಟ ಭಾಗ ಅದನ್ನ ಕರೆಂಟಾಗಿ ನರಕ್ಕೆ ಕೊಡತ್ತೆ. ಎಡಗಿವಿ ಲೆಕ್ಕಕ್ಕಿಲ್ಲ. ಮನೇಲಿ ಟಿವಿ ಆಫ್ ಆಗಿದ್ರೆ ಹೆಂಡ್ತಿ ಜೊತೆ ಆರಾಮಾಗಿ ಹರಟೆ ಹೊಡೀತೀನಿ, ಫೋನೂ ನಡಿಯತ್ತೆ, ಆಡಿಯಾಲಜಿಸ್ಟ್ ಹತ್ರ ಆ ಸೌಂಡ್‌ಪ್ರೂಫ್ ರೂಮಲ್ಲಿ ಕೂರಿಸಿ ವಾಕ್ಯ ಹಾಕಿದ್ರೆ ಹೆಚ್ಚುಕಮ್ಮಿ ಎಲ್ಲಾ ಸರಿಯಾಗಿ ಹೇಳ್ತೀನಿ. ಅಲ್ಲಿಂದ ಹೊರಗೆ ಬಂದು ದರ್ಶಿನೀಲಿ ಕಾಫಿ ಕುಡಿಯೋಕೆ ನಿಂತ್ರೆ ಎದುರಿಗಿರೋ ಸ್ನೇಹಿತ ಬಾಯಿ ಆಡಿಸೋದು ಕಾಣತ್ತೆ ಅಷ್ಟೇ. ಸದ್ದು ಬರ್ತಿಲ್ಲ ಅಂತಲ್ಲ, ಸದ್ದು ಬೇಕಾದಷ್ಟಿದೆ, ಸ್ಟೀಲ್ ತಟ್ಟೆ ಎಸೆಯೋದು, ಗ್ರೈಂಡರು, ಟೋಕನ್ ಕೂಗೋನು, ಪಕ್ಕದ ಟೇಬಲ್ಲಿನ ರಿಯಲ್ ಎಸ್ಟೇಟ್ ಮಾತು, ಎಲ್ಲಾ ಒಟ್ಟಿಗೆ ಬಂದು ತಲೆ ಒಳಗೆ ಕೂರತ್ತೆ, ಅದರಲ್ಲಿ ನನ್ನ ಸ್ನೇಹಿತನ ದನಿ ಯಾವುದು ಅಂತ ಬಿಡಿಸ್ಕೊಳ್ಳೋದೇ ಆಗಲ್ಲ.

ಯಾಕೆ ಹೀಗೆ ಅಂದ್ರೆ, ಸರಿ ಇರೋ ಕಿವಿಯ ಕಾಕ್ಲಿಯಾದಲ್ಲಿ (ಒಳಗಿವಿಯ ಬಸವನಹುಳು ಆಕಾರದ ಭಾಗ) ಸದ್ದನ್ನ ನರಕ್ಕೆ ದಾಟಿಸೋ ಒಳಸಾಲಿನ ಹೇರ್ ಸೆಲ್‌ಗಳೇ ಸುಮಾರು 3,500 ಇರ್ತವೆ. ಇಂಪ್ಲಾಂಟಲ್ಲಿ ಆ ಜಾಗಕ್ಕೆ ಬರೋದು ಕಂಪನಿ ಮೇಲೆ 12, 16 ಅಥವಾ 22 ಎಲೆಕ್ಟ್ರೋಡ್. ಅವೂ ಒಂದೊಂದೂ ತನ್ನಷ್ಟಕ್ಕೆ ಕೆಲಸ ಮಾಡಲ್ಲ, ಒಳಗೆಲ್ಲಾ ದ್ರವ ಇರೋದ್ರಿಂದ ಕರೆಂಟ್ ಹರಡ್ಕೊಳ್ಳತ್ತೆ, ಹೊಸ ಬಣ್ಣದ ಬಟ್ಟೆಗಳನ್ನ ಒಂದೇ ಬಕೆಟ್ಟಲ್ಲಿ ನೆನೆಹಾಕಿದ್ರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತತ್ತಲ್ಲ ಹಂಗೆ. ಹಾಗಾಗಿ 22 ಇದ್ರೂ ಹೆಚ್ಚಿನವರಿಗೆ ಬೇರೆಬೇರೆಯಾಗಿ ದಕ್ಕೋದು ಎಂಟರ ಆಸುಪಾಸು. ತಮಾಷೆ ಏನಂದ್ರೆ ನಿಶ್ಶಬ್ದದಲ್ಲಿ ಅಷ್ಟೂ ಬೇಕಿಲ್ಲ. 1995ರಲ್ಲಿ ರಾಬರ್ಟ್ ಶಾನನ್ ಮತ್ತೆ ಸಂಗಡಿಗರು 'ಸೈನ್ಸ್' ಪತ್ರಿಕೇಲಿ ತೋರಿಸಿದ್ರು, ಮಾತನ್ನ ಬರೀ ನಾಲ್ಕು ಪಟ್ಟಿಗೆ (ಅಂದ್ರೆ ತಗ್ಗಿನ ಸ್ವರದಿಂದ ತಾರಕದವರೆಗಿನ ಸದ್ದನ್ನ ನಾಲ್ಕೇ ಭಾಗಕ್ಕೆ) ಇಳಿಸಿದ್ರೂ ಕಿವಿ ಸರಿ ಇರೋರು ಸದ್ದಿಲ್ಲದ ಕಡೆ ಚೆನ್ನಾಗೇ ಅರ್ಥ ಮಾಡ್ಕೋತಾರೆ ಅಂತ. ಗದ್ದಲ ಸೇರಿದ ತಕ್ಷಣ ಆ ಲೆಕ್ಕ ಉಲ್ಟಾ, ಆಗ ಎಷ್ಟು ಪಟ್ಟಿ ಇದ್ರೂ ಸಾಲದು. ಸಾಲದ್ದಕ್ಕೆ ದನಿಯ ಏರಿಳಿತ, ಅಂದ್ರೆ ಪಿಚ್, ನಮಗೆ ಮಸುಕಾಗಿ ಸಿಗೋದು. ನಿಮಗೆ ಇಬ್ಬರು ಒಟ್ಟಿಗೆ ಮಾತಾಡಿದ್ರೂ ಇದು ಗಂಡಸಿನ ದನಿ, ಅದು ಮಗುದು ಅಂತ ಕಿವಿ ತಾನಾಗೇ ಎರಡು ಕಡೆ ಎತ್ತಿಡತ್ತೆ. ನಮಗೆ ಎರಡೂ ಸೇರಿ ಒಂದೇ ಮುದ್ದೆ.

ಅದಕ್ಕೇ ಜೋರಾಗಿ ಕೂಗಿದ್ರೆ ಉಪಯೋಗ ಇಲ್ಲ ಅನ್ನೋದು. ನಮ್ಮ ದೊಡ್ಡಪ್ಪ ಒಬ್ರಿದ್ದಾರೆ, ತುಂಬಾ ಪ್ರೀತಿ, ಓಲಗದವರು ಪಕ್ಕದಲ್ಲೇ ಊದ್ತಿರುವಾಗ ಬಂದು ಭುಜ ಹಿಡಿದು ಎಳ್ಕೊಂಡು ಎಡಗಿವಿಗೆ ಬಾಯಿ ಹಚ್ಚಿ "ಯಾವಾಗ್ ಬಂದ್ಯೋ?" ಅಂತ ಕಿರುಚ್ತಾರೆ. ಆ ಕಡೆ ಏನೂ ಇಲ್ಲ, ಮೈಕ್ ಇರೋದು ಈ ಕಡೆ! ಮುಖವನ್ನ ಕಿವಿಗೆ ತಂದುಬಿಟ್ರೆ ತುಟಿಯೂ ಕಾಣಲ್ಲ, ಅಲ್ಲಿಗೆ ಇದ್ದ ಒಂದು ಆಸರೆಯೂ ಹೋಯ್ತು. ಸರಿ ಅಂತ ಬಲಕ್ಕೆ ಬಂದು ಕಿರುಚಿದ್ರೋ, ಅದು ಇನ್ನೂ ಚಂದ. ಪ್ರೊಸೆಸರ್‌ಗೆ ಸಿಕ್ಕಾಪಟ್ಟೆ ಜೋರು ಸದ್ದು ಬಂದ್ರೆ ಅದು ತಾನೇ ತಗ್ಗಿಸ್ಕೊಳ್ಳತ್ತೆ, ಯಾಕಂದ್ರೆ ಈಗಷ್ಟೇ ಕೇಳಿಸ್ತು ಅನ್ನೋದಕ್ಕೂ ಅಯ್ಯೋ ಸಾಕು ಅನ್ನೋದಕ್ಕೂ ನಡುವೆ ಕರೆಂಟಿಗೆ ಇರೋ ಜಾಗ ತೀರಾ ಸಣ್ಣದು. ಜೊತೆಗೆ ಕಿರುಚಿದ ಮಾತಲ್ಲಿ ಸ್ವರ ಎಳೆದುಕೊಂಡು ವ್ಯಂಜನ ಮುಳುಗಿ ಹೋಗತ್ತೆ, ನಮಗೆ ಬೇಕಿರೋದೇ ಆ ಸ, ಶ, ತ, ಕಗಳು. ಮಾಮೂಲಿ ದನೀಲಿ, ಎದುರಿಗೆ ನಿಂತು, ಸ್ವಲ್ಪ ನಿಧಾನ. ಅರ್ಥ ಆಗ್ಲಿಲ್ಲ ಅಂದ್ರೆ ಅದನ್ನೇ ನಾಲ್ಕು ಸಲ ಹೇಳ್ಬೇಡಿ, ಬೇರೆ ಮಾತಲ್ಲಿ ಹೇಳಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚೋದು, ಅಲ್ಲಿ ಸಿಕ್ಕಾಕೊಂಡ್ರೆ ಹತ್ತನೇ ಸಲಕ್ಕೂ ಅಲ್ಲೇ ಸಿಕ್ಕಾಕೋತೀನಿ.

ಕೂರೋ ಜಾಗದ ಬಗ್ಗೆ ಒಂದು ಮಾತು ಎಲ್ರೂ ಹೇಳ್ತಾರೆ, ಗೋಡೆಗೆ ಬೆನ್ನು ಕೊಟ್ಟು ಕೂತ್ಕೋ ಅಂತ. ನಂಗೆ ಇದು ಅರ್ಧ ಸರಿ ಅನ್ಸತ್ತೆ. ಪ್ರೊಸೆಸರ್‌ದು ಮಾಮೂಲಿ ಪ್ರೋಗ್ರಾಂ ಆದ್ರೆ ಸರಿ, ಹಿಂದಿಂದ ಸದ್ದು ಬರಲ್ಲ. ಆದ್ರೆ ಮುಂದಿನ ಸದ್ದನ್ನ ಮಾತ್ರ ಹಿಡಿಯೋ ಡೈರೆಕ್ಷನಲ್ ಮೈಕ್ ಆನ್ ಮಾಡಿದ್ರೆ, ಅದು ಹಿಂದಿನ ಸದ್ದನ್ನ ತಾನೇ ಕಮ್ಮಿ ಮಾಡತ್ತೆ, ನೀವು ಗೋಡೆಗೆ ಬೆನ್ನು ಕೊಟ್ಟು ಇಡೀ ಹೋಟೆಲನ್ನ ಮುಂದೆ ಇಟ್ಕೊಂಡು ಕೂತ್ರೆ ಆ ಮೈಕ್ ಪೂರಾ ಹೋಟೆಲನ್ನೇ ತಂದು ಸುರಿಯತ್ತೆ. ನಾನು ಉಲ್ಟಾ ಕೂರ್ತೀನಿ, ಗೆಳೆಯರನ್ನ ಗೋಡೆ ಕಡೆ ಕೂರಿಸಿ, ಗದ್ದಲಕ್ಕೆ ನಾನು ಬೆನ್ನು ಹಾಕಿ. ಅವರ ಹಿಂದೆ ಕಿಟಕಿ ಮಾತ್ರ ಇರಬಾರದು, ಮುಖ ಕಪ್ಪಾಗಿ ಕಾಣತ್ತೆ.

ಕಾರಲ್ಲಿ ನಂಗೆ ಅದೃಷ್ಟ, ನಮ್ಮ ದೇಶದಲ್ಲಿ ಡ್ರೈವರ್ ಬಲಕ್ಕೆ, ನಾನು ಪಕ್ಕದ ಸೀಟಲ್ಲಿ ಕೂತ್ರೆ ಮಾತು ನೇರ ಬಲಗಿವಿಗೆ. ನಾನೇ ಓಡಿಸಿದ್ರೆ ಹೆಂಡ್ತಿ ಎಡಕ್ಕೆ ಬರ್ತಾಳೆ, ನಡುವೆ ನನ್ನ ತಲೇನೇ ಅಡ್ಡ, ಪಾಪ ಅವಳು ಮಾತೇ ಆಡಲ್ಲ. (ಇದೇ ಒಳ್ಳೇದು ಅಂತಾಳೆ.)

ಇಂಜಿನ್ನು, ಫ್ಯಾನು, ಎಸಿ ಥರ ಒಂದೇ ಸಮ ಬರೋ ಸದ್ದನ್ನ ಈಗಿನ ಪ್ರೊಸೆಸರ್‌ಗಳು ಗುರುತಿಸಿ ಸುಮಾರಾಗಿ ಕಮ್ಮಿ ಮಾಡ್ತವೆ. ಜನರ ಗಲಾಟೆನ ಹಂಗೆ ಕಮ್ಮಿ ಮಾಡಲ್ಲ, ಯಾಕಂದ್ರೆ ಅದೂ ಮಾತೇ, ಯಾವ ಮಾತು ಬೇಕು ಅಂತ ಅದಕ್ಕೇನು ಗೊತ್ತು? ಅಲ್ಲಿ ನಿಜವಾಗಿ ಕೈ ಹಿಡಿಯೋದು ರಿಮೋಟ್ ಮೈಕ್. ಮಾತಾಡೋರ ಅಂಗಿಗೆ ಕ್ಲಿಪ್ ಹಾಕಿದ್ರೆ ಅವರ ದನಿ ವೈರ್‌ಲೆಸ್ಸಲ್ಲಿ ನೇರ ಪ್ರೊಸೆಸರ್‌ಗೆ ಬರತ್ತೆ. ಬಾಯಿಗೂ ಮೈಕಿಗೂ ದೂರ ಅರ್ಧ ಆದಾಗೆಲ್ಲ ಮಾತು ಸುಮಾರು 6 ಡೆಸಿಬೆಲ್ ಏರತ್ತೆ, ಎರಡು ಮೀಟರ್ ಆಚೆ ಇದ್ದ ಬಾಯಿ ಒಂದು ಗೇಣಿಗೆ ಬಂದ್ರೆ ಎಷ್ಟು ವ್ಯತ್ಯಾಸ ನೋಡಿ. ತೊಂದ್ರೆ ಅಂದ್ರೆ ಆರು ಜನ ಕೂತಲ್ಲಿ ಮೈಕ್ ಒಬ್ಬರ ಮೇಲೆ, ಉಳಿದ ಐದು ಜನ ನಗ್ತಾ ಇರ್ತಾರೆ. ಒಂದ್ಸಲ ಭಾವನ ಅಂಗಿಗೆ ಹಾಕಿದ್ದೆ, ಅವರು ಅದನ್ನ ಮರೆತು ಅಡುಗೆಯವರ ಹತ್ರ ಹೋಗಿ ಹೋಳಿಗೆ ಕಮ್ಮಿ ಬಿದ್ದಿದ್ದಕ್ಕೆ ಬೈದ ಅಷ್ಟೂ ಮಾತು ನಾನು ಪಂಕ್ತೀಲಿ ಕೂತೇ ಕೇಳಿಸ್ಕೊಂಡೆ, ಆವತ್ತು ಇಡೀ ಛತ್ರದಲ್ಲಿ ನಂಗೆ ಸ್ಪಷ್ಟವಾಗಿ ಕೇಳಿಸಿದ್ದು ಅದೊಂದೇ.

ಹೊಸದಾಗಿ ಹಾಕಿಸ್ಕೊಂಡವರಿಗೆ ಒಂದೇ ಮಾತು, ಪ್ರೊಸೆಸರನ್ನ ನಿಮಗೆ ತಕ್ಕ ಹಾಗೆ ಹೊಂದಿಸೋ ಮ್ಯಾಪಿಂಗ್‌ಗೆ ಹೋದಾಗ ಸದ್ದಿಲ್ಲದ ರೂಮಲ್ಲಿ ಬಂದ ಅಂಕ ನೋಡಿ ಖುಷಿಯಾಗಿ ಎದ್ದು ಬರಬೇಡಿ, ಗದ್ದಲ ಹಾಕಿ ವಾಕ್ಯ ಕೇಳಿಸಿ ಪರೀಕ್ಷೆ ಮಾಡಿ ಅಂತ ಕೇಳಿ. ಕನ್ನಡದಲ್ಲೇ ಅಂಥ ಪರೀಕ್ಷೆ ಇವೆ, ಮೈಸೂರಿನ ಮಾನಸಗಂಗೋತ್ರೀಲಿರೋ ವಾಕ್ ಶ್ರವಣ ಸಂಸ್ಥೆಯವರೇ ಸಿದ್ಧ ಮಾಡಿದ್ದಾರೆ. ಆಮೇಲೆ ಡೈರೆಕ್ಷನಲ್ ಪ್ರೋಗ್ರಾಂ ಒಂದನ್ನ ಬೇರೆ ಸ್ಲಾಟಲ್ಲಿ ಹಾಕಿಸ್ಕೊಂಡು ಬನ್ನಿ, ಅದನ್ನ ಹೇಗೆ ಬದಲಾಯಿಸೋದು ಅಂತ ಅಲ್ಲೇ ಒಂದೆರಡು ಸಲ ಒತ್ತಿ ನೋಡ್ಕೊಳ್ಳಿ.